ವರ್ಷಕ್ಕೆ ಒಂದು ಡಾಲರ್ ಸಂಬಳದ ಮಾಸ್ಟ್ರು

ಫಳ್ನೀರ್: ಬೇಸ್‌ಬಾಲ್ ಎಂದರೆ ನಮ್ಮ ಊರಿನ ಪತ್ರಿಕೆಗಳಲ್ಲಿ ಆಟದ ಸುದ್ದಿಯಲ್ಲ, ಪೊಲೀಸ್ ಸುದ್ದಿ. ಗಲಾಟೆ, ಹೊಡೆದಾಟ, ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ ಬ್ಯಾಟು, ಮಹಜರು. ಅಲ್ಲಿಗೆ ಆಟ ಮುಗಿಯಿತು. ಮೊನ್ನೆ ಆಟದ ಸಾಮಾನಿನ ಅಂಗಡಿಯವರೊಬ್ಬರನ್ನು ಕೇಳಿ ನೋಡಿದೆ. “ಬ್ಯಾಟು ವರ್ಷಕ್ಕೆ ನಾಲ್ಕೈದು ಹೋಗ್ತದೆ ಮಾರಾಯ್ರೆ. ಚೆಂಡು ಉಂಟಾ ಅಂತ ಇಷ್ಟರವರೆಗೆ ಒಬ್ಬ ಕೇಳಿದ್ದಿಲ್ಲ” ಎಂದರು. ಚೆಂಡಿಲ್ಲದ ಬ್ಯಾಟು ಯಾತಕ್ಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದೇ ಸಂಜೆ ಇಲ್ಲಿನ ಒಂದು ಅಡ್ಡರಸ್ತೆಯಲ್ಲಿ ಹುಡುಗರು ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ವಿಕೆಟ್ ಎಂದರೆ ನಿಲ್ಲಿಸಿದ ಒಂದು ಕೆಂಪುಕಲ್ಲು. ಹದಿನಾಲ್ಕು ವರ್ಷದವನಿರಬೇಕು, ಒಬ್ಬ ಹುಡುಗ ದೂರದ ಕಂಪೌಂಡ್ ಗೋಡೆಯ ಹತ್ತಿರದಿಂದ ಚೆಂಡು ಎಸೆದ. ನೆಲ ಮುಟ್ಟದೆ ಬಂದು ಕಲ್ಲಿಗೆ ಬಡಿಯಿತು. ಆಕಸ್ಮಿಕ ಎಂದುಕೊಂಡೆ. ಐದು ನಿಮಿಷ ಕಳೆದು ಮತ್ತೊಮ್ಮೆ ಹಾಗೆಯೇ ಹೊಡೆದ. ನೋಡಿದವರು ಇಬ್ಬರು: ನಾನು ಮತ್ತು ಗ್ಯಾಸ್ ಸಿಲಿಂಡರ್ ಇಳಿಸುತ್ತಿದ್ದ ಒಬ್ಬಾತ. ನಮ್ಮಿಬ್ಬರಿಂದ ಆ ಹುಡುಗನಿಗೆ ಎಂತ ಪ್ರಯೋಜನ?

ಇಂಥ ಕೈಯನ್ನು ನೋಡಿ ಗುರುತು ಹಿಡಿಯುವುದೇ ಒಂದು ಉದ್ಯೋಗ. ಅದನ್ನು ನಲವತ್ತೈದು ವರ್ಷ ಒಂದೇ ಕಾಲೇಜಿನಲ್ಲಿ ಕುಳಿತು ಮಾಡಿದ ಒಬ್ಬರ ಕಥೆ ಇಲ್ಲಿದೆ. ಮನುಷ್ಯ ಅಮೆರಿಕದವರು, ಆಟ ಬೇಸ್‌ಬಾಲ್. ಆದರೆ ಓದುಗರು ಪುಟ ಮಡಚಬೇಡಿ. ಬಂದರಿನ ಲಾರಿ ಆಫೀಸಿನವರಿಗೂ ಹಿಡಿಸುವ ಕಥೆ ಇದು.

ಹೆಸರು ರಾಡ್ ಡೀಡೋ. ಹುಟ್ಟಿದ್ದು 1914ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಬೆಳೆದದ್ದು ಸಿನೆಮಾದವರ ಊರು ಹಾಲಿವುಡ್‌ನಲ್ಲಿ. ಲಾಸ್ ಏಂಜಲಿಸ್‌ನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಆಡಿದರು. 1935ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ದೊಡ್ಡ ವೃತ್ತಿಪರ ತಂಡ ಸೇರಿದರು. ಅಲ್ಲಿ ಆಡಿದ್ದು ಒಟ್ಟು ಎರಡೇ ಎರಡು ಪಂದ್ಯ. ಮರುವರ್ಷ ಬೆನ್ನಿಗೆ ಪೆಟ್ಟಾಯಿತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆಟಗಾರನ ಬದುಕು ಖಲಾಸ್.

ಊರಿಗೆ ಬಂದು ಅವರು ಮಾಡಿದ ಕೆಲಸವೆಂದರೆ ಐನೂರು ಡಾಲರ್ ಹಾಕಿ ಲಾರಿ ಸಾಗಾಟದ ವ್ಯಾಪಾರ ಶುರುಮಾಡಿದ್ದು. ಕಂಪೆನಿಯ ಹೆಸರು ಡಾರ್ಟ್. ಅದು ಬೆಳೆದು ಕೋಟ್ಯಂತರದ ವಹಿವಾಟಾಯಿತು. 1942ರಲ್ಲಿ ಕಾಲೇಜಿನ ಕೋಚ್ ಸ್ಯಾಮ್ ಬ್ಯಾರಿ ಮಹಾಯುದ್ಧದ ಕಾರಣ ನೌಕಾಪಡೆಗೆ ಹೊರಟುನಿಂತಾಗ, ತನ್ನ ಜಾಗಕ್ಕೆ ಈ ಹಳೇ ಶಿಷ್ಯನೇ ಆದೀತು ಎಂದು ಹೇಳಿ ಹೋದರು. ಬ್ಯಾರಿ ಮರಳಿದ ಮೇಲೆ ಗುರುಶಿಷ್ಯರು ಕೂಡಿಯೇ ತಂಡ ನಡೆಸಿದರು. 1950ರಲ್ಲಿ ಬ್ಯಾರಿ ತೀರಿಕೊಂಡ ನಂತರ ಪೂರ್ತಿ ಭಾರ ಡೀಡೋ ಅವರ ಹೆಗಲಿಗೆ. 1986ರವರೆಗೆ ಇಳಿಸಲಿಲ್ಲ.

ಸಂಬಳ? ವರ್ಷಕ್ಕೆ ಒಂದು ಡಾಲರ್. ತಪ್ಪಾಗಿ ಅಚ್ಚಾಗಿಲ್ಲ, ಒಂದೇ. ಹೊಟ್ಟೆಪಾಡು ಲಾರಿಯಿಂದ, ಕಾಲೇಜಿನದ್ದು ಪ್ರೀತಿಯ ಕೆಲಸ. ಈ ಮಾತು ಕೇಳಿದ ಕೂಡಲೇ ನಮ್ಮ ಅಂಗಡಿಯವರು, “ಲಾರಿ ಇದ್ದವನಿಗೆ ಆಗ್ತದೆ, ಲಾರಿ ಇಲ್ಲದವ ಎಂತ ಮಾಡುವುದು?” ಎಂದರು. ಸರಿಯಾದ ಪ್ರಶ್ನೆಯೇ. ಅದಕ್ಕೆ ಮುಂದೆ ಬರೋಣ.

ಎಲ್ಲರೂ ಹುಲಿಗಳು

ಡೀಡೋ ಅವರಿಗೆ ಹುಡುಗರ ಹೆಸರು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವಂತೆ. ಎಲ್ಲರನ್ನೂ “ಟೈಗರ್” ಎಂದೇ ಕರೆಯುತ್ತಿದ್ದರು. ನಮ್ಮಲ್ಲಾದರೆ “ಪಿಲಿ” ಎನ್ನುತ್ತಿದ್ದರೋ ಏನೋ! ಆದರೆ ಹೆಸರು ಮರೆತರೂ ಅವರ ತಂಡ ಗೆಲ್ಲುವುದನ್ನು ಮರೆಯಲಿಲ್ಲ. ಅಮೆರಿಕದ ಅಖಿಲ ಕಾಲೇಜು ಚಾಂಪಿಯನ್‌ಶಿಪ್ ಅವರ ಕಾಲದಲ್ಲಿ ಹನ್ನೊಂದು ಸಲ ಆ ವಿಶ್ವವಿದ್ಯಾಲಯಕ್ಕೆ ಬಂತು. 1970ರಿಂದ 74ರವರೆಗೆ ಸಾಲಾಗಿ ಐದು. 1948ರ ಮೊದಲನೆಯದನ್ನು ಗೆದ್ದದ್ದು ಯೇಲ್ ವಿಶ್ವವಿದ್ಯಾಲಯದ ವಿರುದ್ಧ. ಯೇಲ್ ತಂಡದ ಕ್ಯಾಪ್ಟನ್ ಆಗಿದ್ದ ತರುಣ ಮುಂದೆ 1989ರಲ್ಲಿ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಬುಷ್, ಅಂದರೆ ತಂದೆ ಬುಷ್.

ಒಂದು ಪಂದ್ಯವನ್ನಂತೂ ಹೇಳಲೇಬೇಕು. ಬೇಸ್‌ಬಾಲಿನಲ್ಲಿ ಒಂದು ತಂಡಕ್ಕೆ ಒಂಬತ್ತು ಜನ, ಒಂಬತ್ತು ಇನ್ನಿಂಗ್ಸ್. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ನಾಲ್ಕು ಮೂಲೆಯನ್ನು ಸುತ್ತಿ ಬಂದರೆ ಒಂದು ರನ್. ಕ್ರಿಕೆಟ್ಟಿನ ಹಾಗೆ ರಾಶಿ ರನ್ ಬೀಳುವುದಿಲ್ಲ. ನಾಲ್ಕೈದು ರನ್ ಎಂದರೆ ಒಳ್ಳೆಯ ಮೊತ್ತ. 1973ರ ಸೆಮಿಫೈನಲಿನಲ್ಲಿ ಎದುರಾಳಿ ಮಿನೆಸೋಟ. ಅವರ ಎಸೆತಗಾರ ಡೇವ್ ವಿನ್‌ಫೀಲ್ಡ್, ಆರೂವರೆ ಅಡಿಯ ಆಳು. ಎಂಟು ಇನ್ನಿಂಗ್ಸ್ ಮುಗಿದಾಗ ಆತ ಹದಿನೈದು ಮಂದಿಯನ್ನು ಔಟ್ ಮಾಡಿಯಾಗಿತ್ತು. ಲೆಕ್ಕ 7-0. ಡೀಡೋ ತಂಡಕ್ಕೆ ಉಳಿದಿದ್ದದ್ದು ಒಂದೇ ಸರದಿ. ಪ್ರೇಕ್ಷಕರು ಎದ್ದು ಹೊರಡುವ ಹೊತ್ತು ಅದು. ಆ ಒಂದು ಸರದಿಯಲ್ಲಿ ಎಂಟು ರನ್ ಹೊಡೆದು 8-7ರಲ್ಲಿ ಗೆದ್ದರು. ಫೈನಲ್ ಕೂಡ ಅವರದೇ.

ಒಟ್ಟು ಗೆಲುವು 1,332. ಅವರ ಕೈಯಲ್ಲಿ ಪಳಗಿದ ಟಾಮ್ ಸೀವರ್, ರಾಂಡಿ ಜಾನ್ಸನ್ ಮೊದಲಾದವರು ಆ ದೇಶದಲ್ಲಿ ನಮ್ಮ ಗಾವಸ್ಕರ್, ಕಪಿಲ್‌ದೇವ್ ಇದ್ದ ಹಾಗೆ. ಮಾರ್ಕ್ ಮೆಕ್‌ಗ್ವಾಯರ್ ಎಂಬವನು ಆ ಕಾಲೇಜಿಗೆ ಬಂದದ್ದು ಚೆಂಡು ಎಸೆಯುವವನಾಗಿ. ಹೊರಗೆ ಬಿದ್ದದ್ದು ಚೆಂಡು ಬಾರಿಸುವವನಾಗಿ. ಮಾಸ್ಟ್ರುಗಳು ಬೇಕಾಗುವುದು ಇದಕ್ಕೇ. ತಾನು ಯಾವುದಕ್ಕೆ ಲಾಯಕ್ಕು ಎಂಬುದು ಹುಡುಗನಿಗೆ ಗೊತ್ತಿರುವುದಿಲ್ಲ.

ಸೋತದ್ದೂ ಉಂಟು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲನ್ನು ಪ್ರದರ್ಶನದ ಆಟವಾಗಿ ಇಟ್ಟರು. ಅಮೆರಿಕ ತಂಡಕ್ಕೆ ಎಪ್ಪತ್ತರ ಡೀಡೋ ಅವರೇ ಕೋಚ್. ಊರು ಅವರದು, ಮೈದಾನ ಅವರದು. ಆಗಸ್ಟ್ 7ರಂದು ಫೈನಲಿನಲ್ಲಿ ಜಪಾನ್ 6-3ರಿಂದ ಸೋಲಿಸಿತು. ಮರುದಿನ ಅದೇ ಊರಿನಲ್ಲಿ ನಮ್ಮ ಪಕ್ಕದ ಕೇರಳದ ಪಿ.ಟಿ. ಉಷಾ ಸೆಕೆಂಡಿನ ನೂರರ ಒಂದು ಭಾಗದಲ್ಲಿ ಕಂಚು ಕಳೆದುಕೊಂಡದ್ದು. ಉಷಾ ಅವರ ಗುರು ಓ.ಎಂ. ನಂಬಿಯಾರ್. 1985ರಲ್ಲಿ ಸರಕಾರ ಮೊದಲ ಬಾರಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಟ್ಟಾಗ ಪಡೆದವರಲ್ಲಿ ಅವರೂ ಒಬ್ಬರು. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಕೋಚ್ ಎಂಬವನಿಗೆ ಅಂಥದೊಂದು ಪ್ರಶಸ್ತಿಯೇ ಇರಲಿಲ್ಲ.

ಡೀಡೋ 2006ರ ಜನವರಿಯಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು. ಇನ್ನು ಎರಡು ವರ್ಷ ಬದುಕಿದ್ದರೆ ತಮಾಷೆ ನೋಡುತ್ತಿದ್ದರು. 2008ರಲ್ಲಿ ಅಮೆರಿಕದವರು ನಮ್ಮ ದೇಶಕ್ಕೆ ಬಂದು, ಯಾರು ವೇಗವಾಗಿ, ಗುರಿಯಿಟ್ಟು ಚೆಂಡು ಎಸೆಯುತ್ತಾರೆ ಎಂದು ಸ್ಪರ್ಧೆ ಇಟ್ಟರು. ಆಯ್ಕೆಯಾದವರು ಉತ್ತರ ಪ್ರದೇಶದ ಇಬ್ಬರು ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಇಬ್ಬರೂ ಲಕ್ನೋದ ಕ್ರೀಡಾ ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದವರು. ಬೇಸ್‌ಬಾಲನ್ನು ಕಣ್ಣಲ್ಲಿ ಕಂಡವರಲ್ಲ. ಅವರನ್ನು ಕರೆದೊಯ್ದು ಬಿಟ್ಟದ್ದು ಡೀಡೋ ಅವರ ಅದೇ ವಿಶ್ವವಿದ್ಯಾಲಯಕ್ಕೆ. ಕಲಿಸಿದವರು ಅಲ್ಲಿಯೇ ಡೀಡೋ ಕೈಕೆಳಗೆ ಆಡಿದ್ದ ಟಾಮ್ ಹೌಸ್. ಕೆಲವೇ ತಿಂಗಳಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರನ್ನೂ ಕರಾರು ಮಾಡಿ ತೆಗೆದುಕೊಂಡಿತು. ದೊಡ್ಡ ಲೀಗಿನವರೆಗೆ ಹೋಗಲಿಲ್ಲ, ನಿಜ. ಆದರೆ ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆ ಬನಾರಸಿನ ಕಡೆಯ ಹುಡುಗರಿಗೂ ತಲುಪಿತಲ್ಲ!

ಉಜಿರೆಯ ಮಾಸ್ಟ್ರು

ಈಗ ಅಂಗಡಿಯವರ ಪ್ರಶ್ನೆಗೆ ಬರುವಾ. ಲಾರಿ ಇಲ್ಲದವ ಎಂತ ಮಾಡುವುದು?

ಸ್ಟೇಟ್‌ಬ್ಯಾಂಕಿನಿಂದ ಬಸ್ಸು ಹತ್ತಿದರೆ ಎರಡು ಗಂಟೆಯ ದಾರಿ, ಉಜಿರೆ. ಅಲ್ಲಿನ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿಗೆ ಕುಂದಾಪುರ ತಾಲೂಕಿನ ವಂಡ್ಸೆ ಕಡೆಯ ಒಬ್ಬ ಹುಡುಗ ಸೇರಿದ. ಗುರುರಾಜ್ ಪೂಜಾರಿ. ತಂದೆ ಲಾರಿಯ ಮಾಲೀಕರಲ್ಲ, ಲಾರಿಯ ಡ್ರೈವರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದನ್ನು ನೋಡಿ ತಾನೂ ಕುಸ್ತಿಪಟು ಆಗಬೇಕೆಂದು ಹೊರಟವ. 2010ರ ಸುಮಾರಿಗೆ ಕಾಲೇಜಿನ ಕೋಚ್ ರಾಜೇಂದ್ರ ಪ್ರಸಾದ್ ಅವನನ್ನು ನೋಡಿ, ಕುಸ್ತಿ ಬೇಡ, ಭಾರ ಎತ್ತು ಎಂದರು. ಹುಡುಗ ಕೇಳಿದ.

2018ರ ಏಪ್ರಿಲ್ 5, ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್, ಕಾಮನ್‌ವೆಲ್ತ್ ಕ್ರೀಡಾಕೂಟ, 56 ಕಿಲೋ ವಿಭಾಗ. ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿಯಾಗಿತ್ತು. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲ ಯತ್ನ ವಿಫಲ, ಎರಡನೆಯದೂ ವಿಫಲ. ಮೂರನೆಯದೂ ಹೋದರೆ ಹಿಂದೆ ಎತ್ತಿದ್ದಕ್ಕೂ ಲೆಕ್ಕವಿಲ್ಲ, ಬರಿಗೈ. ಮೂರನೆಯದರಲ್ಲಿ 138 ಕಿಲೋ ತಲೆಯ ಮೇಲೆ ನಿಂತಿತು. ಒಟ್ಟು 249, ಬೆಳ್ಳಿ. ಮೂರನೆಯ ಸ್ಥಾನದ ಶ್ರೀಲಂಕಾದವನಿಗಿಂತ ಒಂದೇ ಕಿಲೋ ಜಾಸ್ತಿ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದಲ್ಲಿ 269 ಎತ್ತಿ ಕಂಚು ತಂದರು.

ಪದಕ ಬಂದರೆ ಊರೂರಲ್ಲಿ ಫ್ಲೆಕ್ಸು ಎದ್ದು ನಿಲ್ಲುತ್ತದೆ. ಶಾಸಕರ ಫೋಟೋ, ಮಾಜಿ ಶಾಸಕರ ಫೋಟೋ, ಸಂಘದ ಅಧ್ಯಕ್ಷರ ಫೋಟೋ. ಭಾರ ಎತ್ತಲು ಹೇಳಿಕೊಟ್ಟವರ ಫೋಟೋ ಎಷ್ಟು ಕಡೆ ನೋಡಿದ್ದೀರಿ, ನೀವೇ ಹೇಳಿ. ನಮ್ಮ ಕಾಲೇಜುಗಳಲ್ಲಿ ಪಿ.ಡಿ. ಮಾಸ್ಟ್ರು ಎಂದರೆ ಆಗಸ್ಟ್ ಹದಿನೈದಕ್ಕೆ ಧ್ವಜ ಕಟ್ಟಿಸುವವರು, ಗೇಟಿನಲ್ಲಿ ನಿಂತು ತಡವಾಗಿ ಬಂದವರನ್ನು ಗದರಿಸುವವರು. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಅಲ್ಲಿನ ಪಾಠ ಒಂದಕ್ಷರ ನೆನಪಿಲ್ಲ, ಪಿ.ಡಿ. ಮಾಸ್ಟ್ರ ಸೀಟಿ ಈಗಲೂ ಕಿವಿಯಲ್ಲಿ ಉಂಟು.

ಬೇಸ್‌ಬಾಲಿನಲ್ಲಿ ಎಸೆಯುವವನಿಗೂ ಬಾರಿಸುವವನಿಗೂ ನಡುವೆ ಅರುವತ್ತು ಅಡಿ ಆರು ಇಂಚು. ಕ್ರಿಕೆಟ್ ಪಿಚ್ಚಿಗಿಂತ ಐದೂವರೆ ಅಡಿ ಕಡಿಮೆ. ಓಡಿ ಬರುವ ಹಾಗಿಲ್ಲ, ನಿಂತಲ್ಲಿಂದಲೇ ಎಸೆಯಬೇಕು, ಚೆಂಡು ನೆಲ ಮುಟ್ಟಬಾರದು. ಫಳ್ನೀರಿನ ಆ ಹುಡುಗ ಎಸೆದದ್ದು ಇದರ ಎರಡು ಪಾಲು ದೂರದಿಂದ.

ನಿನ್ನೆ ಸಂಜೆ ಮತ್ತೆ ಹೋಗಿದ್ದೆ. ಶಾಲೆಯಲ್ಲಿ ಆಟ ಆಡಿಸುವವರು ಉಂಟಾ ಎಂದು ಅವನನ್ನು ಕೇಳಿದೆ. “ಆಟದ ಪೀರಿಯಡಿನಲ್ಲಿ ಗಣಿತ ಮಾಡ್ತಾರೆ, ಅಣ್ಣ” ಎಂದ. ಹೇಳುತ್ತಿದ್ದ ಹಾಗೆ ಚೆಂಡು ಅವನತ್ತ ಬಂತು. ತಿರುಗಿ ನೋಡದೆ ಒಂದು ಕೈಯಲ್ಲಿ ಹಿಡಿದ.