ಜರಿಯದು ಮುನಿಸಲ್ಲ

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ‘ಪ್ರಾಣಿ’ ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆ ಒಂದೇ ಸಾಲಿನದು: ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಕಾನೂನು ರಚಿಸಿದವರ ಮನಸ್ಸಿನಲ್ಲಿ ಎತ್ತು, ಕುದುರೆ, ನಾಯಿಗಳಿದ್ದಿರಬಹುದು. ಆದರೆ ಅಕ್ಷರಶಃ ಓದಿದರೆ ಬಚ್ಚಲುಮನೆಯ ಮೂಲೆಯಲ್ಲಿ ಪೊರಕೆಯ ಏಟಿಗೆ ಸಾಯುವ ಜರಿಯೂ ಅದರೊಳಗೆ ಬರುತ್ತದೆ. ಪ್ರಾಣಿಯೊಂದನ್ನು ತನ್ನ ಸುಪರ್ದಿನಲ್ಲಿ ಇಟ್ಟುಕೊಂಡವರು ಅದರ ಯೋಗಕ್ಷೇಮಕ್ಕಾಗಿ ಸಮಂಜಸವಾದ ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕೆಂದು ಅದೇ ಕಾಯ್ದೆಯ ಮೂರನೆಯ ಸೆಕ್ಷನ್ ವಿಧಿಸುತ್ತದೆ. ಮೂರು ದಶಕಗಳ ಕಾಲ ಕಾಯ್ದೆಗಳನ್ನು ಓದಿಯೇ ಹೊಟ್ಟೆ ಹೊರೆದ ನನಗೆ, ಈ ಎರಡು ಸೆಕ್ಷನ್‌ಗಳನ್ನು ಒಂದು ಜರಿಗೆ ಅನ್ವಯಿಸಿ ನೋಡುವ ಪ್ರಸಂಗ ಒದಗಿದ್ದು ನಿವೃತ್ತಿಯ ನಂತರ.

ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ, ತೀರ್ಥಹಳ್ಳಿ ಕಡೆಯ ಬಂಧುಗಳ ಅಡಿಕೆ ತೋಟದಿಂದ ಜರಿಯೊಂದನ್ನು ಬೆಂಗಳೂರಿಗೆ ತಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾಕತೊಡಗಿದ್ದ. ಅರ್ಧ ಗೇಣಿಗಿಂತ ತುಸು ಉದ್ದ, ಕಪ್ಪುಹಸಿರು ಬೆನ್ನು, ಹಳದಿ ಕಾಲುಗಳು. ಮೊದಲ ಕೆಲವು ರಾತ್ರಿ ಅದು ಮುಚ್ಚಳದ ಅಂಚನ್ನೇ ಸುತ್ತುತ್ತಿತ್ತು. ಆಮೇಲೆ ಹೊಂದಿಕೊಂಡು ವಾರಕ್ಕೊಂದು ಜಿರಲೆ ತಿನ್ನತೊಡಗಿತು. ಎರಡು ತಿಂಗಳ ತರುವಾಯ ಇದ್ದಕ್ಕಿದ್ದಂತೆ ಊಟ ಬಿಟ್ಟಿತು. ತೆಂಗಿನ ಚಿಪ್ಪಿನ ಅಡಿ ಸೇರಿದ್ದು ಹೊರಗೇ ಬರಲಿಲ್ಲ. ಚಿಪ್ಪು ಎತ್ತಿದರೆ ಹಿಂಗಾಲುಗಳನ್ನು ಮೇಲಕ್ಕೆತ್ತಿ ಅಗಲಿಸುತ್ತಿತ್ತು.

“ಅಣ್ಣಾ, ಅದಕ್ಕೆ ಸಿಟ್ಟು ಬಂದಿದೆ. ರಾತ್ರಿ ತಪ್ಪಿಸಿಕೊಂಡು ಯಾರ ಕಿವಿಗೆ ಹೊಕ್ಕೀತೋ, ಮೊದಲು ಹೊರಗೆ ಹಾಕಿಸು” ಎಂದಳು ತಂಗಿ. “ಇಲ್ಲ ಮಾವ, ಅದಕ್ಕೆ ತೋಟದ ನೆನಪಾಗಿದೆ ಅನ್ನಿಸುತ್ತೆ” ಎಂದ ಅವಳ ಮಗ. ಒಬ್ಬರದು ಭಯ, ಇನ್ನೊಬ್ಬರದು ಪ್ರೀತಿ. ಎರಡೂ ಜರಿಯ ಬಾಯಿಗೆ ಮನುಷ್ಯರ ಮಾತನ್ನೇ ತುರುಕಿದ್ದವು.

ನಾನು ಜೀವವಿಜ್ಞಾನಿಯಲ್ಲ, ಅರ್ಥಶಾಸ್ತ್ರ ಓದಿದವನು. ಆದರೆ ಮಾತಿಲ್ಲದವರ ಮನಸ್ಸನ್ನು ಅರಿಯುವ ಒಂದು ದಾರಿ ಆ ಶಾಸ್ತ್ರದಲ್ಲೂ ಇದೆ. ಗ್ರಾಹಕನ ಮನಸ್ಸಿನೊಳಗೆ ಇಣುಕಬೇಕಿಲ್ಲ, ಅವನು ಯಾವುದನ್ನು ಬಿಟ್ಟು ಯಾವುದನ್ನು ಆಯ್ದ ಎಂಬುದನ್ನು ನೋಡಿದರೆ ಸಾಕು ಎಂದು ಪಾಲ್ ಸ್ಯಾಮ್ಯುಯೆಲ್ಸನ್ 1938ರಲ್ಲಿ ವಾದಿಸಿದರು. ‘ಪ್ರಕಟಿತ ಆದ್ಯತೆ’ ಎಂದು ನಾವು ಎಂ.ಎ. ತರಗತಿಯಲ್ಲಿ ಉರುಹೊಡೆದದ್ದು ಇದನ್ನೇ. ಇಂಥದೇ ತರ್ಕದಿಂದ ಆಕ್ಸ್‌ಫರ್ಡ್‌ನ ಮರಿಯನ್ ಡಾಕಿನ್ಸ್ 1970ರ ದಶಕದಲ್ಲಿ ಕೋಳಿಗಳ ಮುಂದೆ ಬೇರೆ ಬೇರೆ ಬಗೆಯ ಗೂಡುಗಳನ್ನಿಟ್ಟು ಅವು ಯಾವುದನ್ನು ಆಯ್ದುಕೊಳ್ಳುತ್ತವೆಂದು ಪರೀಕ್ಷಿಸಿದರು. ಕೋಳಿಗೆ ಸಲ್ಲುವ ಈ ಮರ್ಯಾದೆ ಜರಿಗೂ ಸಲ್ಲಬಾರದೇಕೆ?

ಜರಿಯ ಬದುಕಿನ ಆಯವ್ಯಯದಲ್ಲಿ ಅತ್ಯಂತ ದುಬಾರಿ ಬಾಬ್ತು ನೀರು. ಕೀಟಗಳ ಮೈಮೇಲೆ ತೇವವನ್ನು ಹಿಡಿದಿಡುವ ಮೇಣದ ಲೇಪವಿರುತ್ತದೆ. ಜರಿಗೆ ಆ ರಕ್ಷಣೆ ಅಷ್ಟಾಗಿ ಇಲ್ಲ. ಉಸಿರಾಟದ ರಂಧ್ರಗಳನ್ನು ಕೀಟಗಳಂತೆ ಬಿಗಿಯಾಗಿ ಮುಚ್ಚಿಕೊಳ್ಳಲೂ ಅದಕ್ಕೆ ಬಾರದು. ಹೀಗಾಗಿ ಒಣ ಹವೆಯಲ್ಲಿ ಕಳೆಯುವ ಪ್ರತಿ ಗಳಿಗೆಯೂ ಅದರ ಪಾಲಿಗೆ ಖರ್ಚೇ. ಕಲ್ಲಿನಡಿ, ಕೊಳೆತ ಸೋಗೆಯಡಿ ಹಗಲು ಕಳೆದು ರಾತ್ರಿ ಹೊರಡುವುದು ಈ ಕಾರಣಕ್ಕೆ. ಸಾಕಿದ ಜರಿ ಹಗಲಿನಲ್ಲೇ ತಿರುಗಾಡತೊಡಗಿದರೆ ಅಥವಾ ಮುಚ್ಚಳವನ್ನು ಬಿಡದೆ ಸುತ್ತಿದರೆ, ಮೊದಲು ಶಂಕಿಸಬೇಕಾದದ್ದು ಅದರ ಸ್ವಭಾವವನ್ನಲ್ಲ, ಡಬ್ಬಿಯ ಮಣ್ಣನ್ನು. ಮಣ್ಣು ಒಣಗಿರಬಹುದು. ಇಲ್ಲವೇ ನೀರು ಹೆಚ್ಚಾಗಿ, ಗಾಳಿಯಾಡದೆ ಬೂಸ್ಟು ಬಂದಿರಬಹುದು. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿದಾಗ ಜರಿಗಳು ನಮ್ಮ ಬಚ್ಚಲಿಗೆ ಬರುವುದೂ ಇದೇ ಲೆಕ್ಕಾಚಾರದಿಂದ. ನಮ್ಮ ಕಿವಿಯ ಮೇಲೆ ಅವಕ್ಕೆ ಯಾವ ಕಣ್ಣೂ ಇಲ್ಲ.

ನಾನು ಹುಡುಗನಿಗೆ ಹೇಳಿದ್ದು ಇಷ್ಟೆ: ಡಬ್ಬಿಯ ಒಂದು ತುದಿಗೆ ಮಾತ್ರ ನೀರು ಚಿಮುಕಿಸು, ಇನ್ನೊಂದು ತುದಿ ಒಣಗಿರಲಿ, ಎರಡೂ ಕಡೆ ಒಂದೊಂದು ಚಿಪ್ಪು ಮಗುಚಿಡು. ಮರುದಿನ ಬೆಳಿಗ್ಗೆ ಜರಿ ಒದ್ದೆ ತುದಿಯ ಚಿಪ್ಪಿನ ಅಡಿಯಲ್ಲಿತ್ತು. ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ಹಿಂಗಾಲು ಎತ್ತುವುದರ ಅರ್ಥವೂ ಕಷ್ಟದ್ದಲ್ಲ. ಅದರ ಕೊನೆಯ ಜೋಡಿ ಕಾಲುಗಳು ನಡೆಯಲು ಬಳಕೆಯಾಗುವುದಿಲ್ಲ. ಸ್ಪರ್ಶಿಸಲು, ಹಿಡಿಯಲು, ಬೆದರಿಸಲು ಇರುವಂಥವು. ವಿಷ ಇರುವುದು ತಲೆಯ ಕೆಳಗಿನ, ಉಗುರಿನಂತಾದ ಮೊದಲ ಜೋಡಿ ಕಾಲುಗಳಲ್ಲಿ. ಹಿಂಭಾಗ ಎತ್ತಿದ ಜರಿ ‘ದೂರ ಸರಿ’ ಎನ್ನುತ್ತಿದೆಯೇ ಹೊರತು ದಾಳಿಗೆ ಹೊರಟಿಲ್ಲ. (ಶತಪದಿ ಎಂಬ ಹೆಸರಿದ್ದರೂ ಬೆಳೆದ ಜರಿಗೆ ಸರಿಯಾಗಿ ನೂರು ಕಾಲು ಇರುವುದೇ ಇಲ್ಲ. ಕಾಲುಗಳ ಜೋಡಿ ಯಾವಾಗಲೂ ಬೆಸಸಂಖ್ಯೆ: 15ರಿಂದ 191ರವರೆಗೆ. ಹೆಸರಿಟ್ಟವರು ಎಣಿಸಲು ಹೋಗಲಿಲ್ಲವೆಂದು ತೋರುತ್ತದೆ.)

ಉಳಿದದ್ದು ಉಪವಾಸ. ಜರಿ ಊಟ ಬಿಡಲು ಸಾಮಾನ್ಯ ಕಾರಣಗಳು ಮೂರು. ಹೊಟ್ಟೆ ತುಂಬಿರಬಹುದು; ವಾರಗಟ್ಟಲೆ ತಿನ್ನದೆ ಇರುವ ಶಕ್ತಿ ಅದಕ್ಕಿದೆ. ಪೊರೆ ಕಳಚುವ ಕಾಲ ಸಮೀಪಿಸಿರಬಹುದು. ಆಗ ಅದು ಮಂಕಾಗಿ ಅಡಗುತ್ತದೆ, ಕಳಚಿದ ಪೊರೆಯನ್ನು ಬಹುಮಟ್ಟಿಗೆ ತಾನೇ ತಿಂದು ಮುಗಿಸುತ್ತದೆ. ಹೊಸ ಮೈ ಗಟ್ಟಿಯಾಗುವವರೆಗೆ ಜಿರಲೆಯೂ ಅದಕ್ಕೆ ಅಪಾಯಕಾರಿ. ಮೂರನೆಯದು, ಅದು ತಾಯಿಯಾಗಿರಬಹುದು.

ಈ ಮೂರನೆಯದನ್ನು ಓದುಗರು ನಂಬಲಿಕ್ಕಿಲ್ಲ. ಈ ಬಗೆಯ ದೊಡ್ಡ ಜರಿಗಳಲ್ಲಿ ತಾಯಿ ಮೊಟ್ಟೆಗಳ ಗೊಂಚಲನ್ನು ನೆಲಕ್ಕೆ ಸೋಕದಂತೆ ಕಾಲುಗಳ ಬುಟ್ಟಿಯೊಳಗೆ ಹಿಡಿದು, ಸುತ್ತಲೂ ಮೈ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಬೂಸ್ಟು ಹಿಡಿಯದಂತೆ ಅವನ್ನು ಮತ್ತೆ ಮತ್ತೆ ಬಾಯಿಂದ ಸವರುತ್ತದೆ. ಮೊಟ್ಟೆಯೊಡೆದು ಬಂದ ಬಿಳಿಯ ಮರಿಗಳು ನಡೆಯಲು ಕಲಿಯುವವರೆಗೆ, ವಾರಗಟ್ಟಲೆ, ಅನ್ನಾಹಾರವಿಲ್ಲದೆ ಕಾಯುತ್ತದೆ. ಕಾಡಿನಿಂದ ತಂದ ಹೆಣ್ಣು ಅಲ್ಲಿಯೇ ಗಂಡಿನ ವೀರ್ಯ ಪಡೆದು ಬಂದಿದ್ದರೆ, ಡಬ್ಬಿಯಲ್ಲಿ ಒಂಟಿಯಾಗಿದ್ದರೂ ಮೊಟ್ಟೆ ಇಡಬಲ್ಲದು.

ಆದದ್ದೂ ಅದೇ. ಜರಿ ಬದುಕಿದೆಯೇ ಎಂಬ ಕಾಳಜಿಯಿಂದ ಹುಡುಗ ದಿನಕ್ಕೆ ಎರಡು ಬಾರಿ ಚಿಪ್ಪು ಎತ್ತಿ, ಚಿಮಟದಿಂದ ಮುಟ್ಟಿ ನೋಡುತ್ತಿದ್ದ. ಒಂದು ಸಂಜೆ ಸುರುಳಿಯ ನಡುವೆ ಹಳದಿ ಮಣಿಗಳಂಥ ಮೊಟ್ಟೆಗಳು ಕಂಡವು. ಫೋನ್ ಮಾಡಿದ. ಚಿಪ್ಪು ಮುಚ್ಚಿ, ಡಬ್ಬಿಗೆ ಬಟ್ಟೆ ಹೊದಿಸಿ, ಒಂದು ತಿಂಗಳು ಅತ್ತ ಸುಳಿಯಬೇಡ ಎಂದೆ. ಮೂರನೆಯ ದಿನ ಜರಿ ಹಗಲಿನಲ್ಲೇ ಹೊರಗೆ ಅಡ್ಡಾಡುತ್ತಿತ್ತು, ಮೊಟ್ಟೆಗಳಿರಲಿಲ್ಲ. ಅದೇ ತಿಂದಿತ್ತು.

ಮನೆಯವರು ಅದನ್ನು ರಾಕ್ಷಸಿ ಎಂದರು. ಪದೇ ಪದೇ ಕದಡಿದರೆ ತಾಯಿಜರಿ ಮೊಟ್ಟೆಗಳನ್ನು ತಿಂದುಬಿಡುವುದು ಬಹುಕಾಲದಿಂದ ಗೊತ್ತಿರುವ ಸಂಗತಿ. ಕಾಪಾಡಲಾಗದ ಮೊಟ್ಟೆ ಹೇಗೂ ಕೊಳೆಯುತ್ತದೆ. ತಿಂದರೆ ಅದರಲ್ಲಿ ಹೂಡಿದ್ದರ ಒಂದಂಶವಾದರೂ ಮರಳಿ ಮೈಗೆ ಸೇರುತ್ತದೆ. ಅರ್ಥಶಾಸ್ತ್ರದವನಿಗೆ ಇಲ್ಲಿ ‘ಉಳಿಕೆ ಮೌಲ್ಯ’ ನೆನಪಾದರೆ ಕ್ಷಮೆಯಿರಲಿ. ಹುಡುಗ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನ ಉಪವಾಸಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ.

ಜರಿಯನ್ನು ಪಕ್ಕದ ಖಾಲಿ ನಿವೇಶನಕ್ಕೆ ಎಸೆಯಬೇಕೆಂಬುದು ತಂಗಿಯ ತೀರ್ಮಾನವಾಗಿತ್ತು. ನಾನು ಒಪ್ಪಲಿಲ್ಲ. ಪಶ್ಚಿಮಘಟ್ಟದ ಜರಿಗಳಲ್ಲಿ ಕೆಲವು ವಂಶಗಳ ಬೇರು ಗೊಂಡ್ವಾನಾ ಭೂಖಂಡ ಒಡೆದ ಕಾಲದವರೆಗೂ ಹಿಂದಕ್ಕೆ ಹೋಗುತ್ತದೆಂದು, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಹ್ನವಿ ಜೋಶಿ, ಪ್ರವೀಣ್ ಕಾರಂತ ಮತ್ತಿತರರು ನಡೆಸಿದ ಅಧ್ಯಯನಗಳು ಸೂಚಿಸಿವೆ. ಹಲವು ಪ್ರಭೇದಗಳು ಆ ಬೆಟ್ಟಸಾಲನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಡಬ್ಬಿಯಲ್ಲಿದ್ದದ್ದು ಅಂಥದೋ ಸರ್ವೇಸಾಮಾನ್ಯವಾದದ್ದೋ ಎಂಬುದು ಬಲ್ಲವರು ನೋಡಿ ಹೇಳಬೇಕಾದ ಮಾತು. ಯಾವುದೇ ಆದರೂ ತಂದ ಜಾಗಕ್ಕೇ ಹಿಂದಿರುಗಿಸುವುದು ಕ್ಷೇಮ.

ಡಬ್ಬಿಗೆ ಒದ್ದೆ ತೆಂಗಿನ ನಾರು ತುಂಬಿಸಿಕೊಂಡು ಹುಡುಗ ರಾತ್ರಿ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋದ. ತೋಟದಲ್ಲಿ ಆಗಷ್ಟೇ ಮಳೆ ನಿಂತಿತ್ತಂತೆ. ಡಬ್ಬಿಯನ್ನು ಓರೆ ಮಾಡಿದೊಡನೆ ಜರಿ ಬಿದ್ದ ಅಡಿಕೆ ಸೋಗೆಯ ಅಡಿಗೆ ಸರಿದುಹೋಯಿತಂತೆ. ಡಬ್ಬಿಯನ್ನು ಮನೆಗೆ ವಾಪಸು ತರಲು ತಂಗಿ ಬಿಡಲಿಲ್ಲ.