ಮಳೆ ಸರೀತು, ಸೀನು ಯಾಕೆ ಶುರುವಾಯ್ತು?

ಮಳೆ ಸರಿದಿದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಸೋರುವ ಮೂಗು, ಕಣ್ಣಿನ ತುರಿಕೆ. ಜ್ವರ ಮಾತ್ರ ಇಲ್ಲ. ಇದು ನೆಗಡಿ ಅಲ್ಲದಿರಬಹುದ್ರಿ, ಪರಾಗದ ಅಲರ್ಜಿ ಇರಬಹುದು.

ಆ ಪರಾಗ ಎಲ್ಲಿಂದ ಬರ್ತದೆ? ಬೀದರಿನ ಖಾಲಿ ಸೈಟು, ಭಾಲ್ಕಿ ರಸ್ತೆಯ ಅಂಚು, ಔರಾದಿನ ಹೊಲದ ಬದು ನೋಡ್ರಿ. ಚುಕ್ಕಿ ಚುಕ್ಕಿ ಬಿಳಿ ಹೂವಿನ ಗಿಡ ಕಾಣ್ತದಲ್ಲ? ಅದೇ ಕಾಂಗ್ರೆಸ್ ಕಸ, ಪಾರ್ಥೇನಿಯಂ. ಮೂಲ ಅಮೆರಿಕ ಖಂಡ; 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಮೊಳೆತು ತಿಂಗಳೊಪ್ಪತ್ತಿಗೆ ಹೂ, ಒಂದೊಂದು ಗಿಡಕ್ಕೆ ಸಾವಿರಾರು ಬೀಜ. 1984ರಲ್ಲಿ ಇದನ್ನು ತಿನ್ನಲೆಂದೇ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಲ್ಲಿ ಬಿಟ್ಟರು. ದುಂಬಿ ತಿಂತು, ಕಸ ಮುಗೀಲಿಲ್ಲ!

ಮೆಡಿಟರೇನಿಯನ್ ದೇಶಗಳಲ್ಲಿ ವಸಂತ ಬಂದರೆ ಆಲಿವ್ ಮರದ ಪರಾಗ ಕಾಡ್ತದೆ. ನಮ್ಮಲ್ಲಿ ಮಳೆಗೆ ಬೆಳೆದ ಈ ಕಸ. ಹಿಂಗಾರಿ ಬಿಳಿಜೋಳವೂ ಹುಲ್ಲಿನ ಜಾತಿಯದ್ದೇ, ಅದರ ಪರಾಗವೂ ಗಾಳಿಯಲ್ಲಿ ಹಾರ್ತದೆ. ಹಾಗಂತ ರೊಟ್ಟಿ ಬಿಡಬ್ಯಾಡ್ರಿ!

ಮೂಗಿಗೆ ಹೋದ ಪರಾಗವನ್ನು ಕೆಲವರ ದೇಹ ವೈರಿ ಅಂತ ತಿಳಿದು ಹಿಸ್ಟಮಿನ್ ಬಿಡ್ತದೆ. ಸೀನು, ತುರಿಕೆ ಎಲ್ಲ ಅದರಿಂದಲೇ.

ಹೂ ಬಿಡುವ ಮೊದಲೇ ಕಸ ಕೀಳ್ರಿ. ಬರಿಗೈ ಬ್ಯಾಡ, ಚರ್ಮಕ್ಕೂ ಅಲರ್ಜಿ ಆಗ್ತದೆ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ರಿ. ಉಬ್ಬಸ, ಎದೆ ಬಿಗಿತ ಬಂದರೆ ಅಂಗಡಿ ಗುಳಿಗೆ ನುಂಗುತ್ತಾ ಕೂರದೆ ನೇರ ಡಾಕ್ಟರ ಹತ್ರ ಹೋಗ್ರಿ.