ಸಂದರ್ಶನದಲ್ಲಿ ವಿದ್ಯೆಯೂ ಮಾತೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಿಂದ ಬಂದ ಅಭ್ಯರ್ಥಿಯು ಯಂತ್ರದ ದೋಷವನ್ನು ಸರಿಪಡಿಸಬಲ್ಲವನಾದರೂ, ಅದನ್ನೇ ಸಂದರ್ಶಕರೆದುರು ವಿವರಿಸುವಾಗ ತಡವರಿಸುವುದುಂಟು. ಮಾತಿಗೆ ಎಷ್ಟು ತೂಕ ಸಲ್ಲಬೇಕೆಂಬ ಪ್ರಶ್ನೆಯು ಹಿಂದೆ ಕಾಲೇಜು ಪ್ರವೇಶದ ವಿಷಯವಾಗಿಯೂ ನ್ಯಾಯಾಲಯದ ಮೆಟ್ಟಿಲೇರಿತ್ತು. ಮೈಸೂರು ರಾಜ್ಯದ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಸೇರಿಸುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 1964ರ ಚಿತ್ರಲೇಖಾ ಪ್ರಕರಣದಲ್ಲಿ ಎತ್ತಿಹಿಡಿಯಿತು. 1980ರಲ್ಲಿ ಅಜಯ್ ಹಾಸಿಯಾ ಪ್ರಕರಣದಲ್ಲಾದರೋ, ಪ್ರವೇಶದ ಮೌಖಿಕ ಪರೀಕ್ಷೆಗೆ ಸಾಮಾನ್ಯವಾಗಿ ಶೇಕಡಾ 15ಕ್ಕೆ ಮೀರಿ ಅಂಕವಿಡುವುದು ಸಲ್ಲದೆಂದಿತು. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಅಧೀನ ವರ್ಗದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಉಚಿತವಾದ ಕ್ರಮವೇ ಸರಿ. ಖಾಸಗಿ ಉದ್ಯಮಗಳಲ್ಲಿ ಅದು ಇನ್ನೂ ಬಲವಾಗಿ ಉಳಿದಿದೆ. ಆದುದರಿಂದ ಪ್ರಯೋಗಾಲಯದಲ್ಲಿ ಮುಗಿಸಿದ ಪ್ರಯೋಗವನ್ನು ಸಹಪಾಠಿಗಳೆದುರು ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಕ್ರಮವಾಗಿ ವಿವರಿಸುವ ಅಭ್ಯಾಸವನ್ನು ಎಂಟನೆಯ ತರಗತಿಯಿಂದಲೇ ಆರಂಭಿಸುವುದೊಳಿತು. ಅದಕ್ಕೆ ವಾರಕ್ಕೊಂದು ಅವಧಿ ಸಾಕು.